ಅಣ್ಣನ ಯುದ್ಧ

ಜೂನ್ 3

ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಅಕ್ಕನ ಫೋನು. ಕೆಲಸವಿದ್ದಾಗ ಮಾತ್ರ ಅವಳಿಗೆ ತನಗೊಬ್ಬ ತಂಗಿ ಇರುವುದು ನೆನಪಾಗುತ್ತದೆ. ಅವಳ ಊರಿನಲ್ಲಿ ಯುದ್ಧಕ್ಕೆ ಹೋದವರ ಹೆಸರು ಕೆತ್ತಿಸಿ ಒಂದು ಕಲ್ಲಿನ ಗೋಡೆ ನಿಲ್ಲಿಸುತ್ತಿದ್ದಾರಂತೆ. ಅಣ್ಣ ಹುಟ್ಟಿ ಬೆಳೆದದ್ದು ಅಲ್ಲೇ, ಆದ್ದರಿಂದ ಅಣ್ಣನ ಹೆಸರೂ ಬರಬೇಕು. ಬರಬೇಕಾದರೆ ಸೈನ್ಯಕ್ಕೆ ಭರ್ತಿಯಾದ ದಾಖಲೆ ಬೇಕು. ಆ ಹಳೆಯ ದಾಖಲೆಗಳ ಕಚೇರಿ ಇರುವುದು ನನ್ನ ಊರಿನಲ್ಲಿ.

"ನೀನು ಹೇಗೂ ಅಲ್ಲೇ ಇದೀಯಲ್ಲ ಪುಟ್ಟಿ, ಒಂದ್ಸಲ ಹೋಗಿ ತಂದುಬಿಡು," ಅಂದಳು. ಐವತ್ತೊಂಬತ್ತು ತುಂಬಿದ ಪುಟ್ಟಿ ನಾನು. ನನಗೆ ಅಂಗಡಿಯಲ್ಲಿ ಕೆಲಸವೇ ಇಲ್ಲ, ದಿನವಿಡೀ ಕನ್ನಡಕದ ಗಾಜಿನಲ್ಲಿ ಮುಖ ನೋಡಿಕೊಂಡು ಕೂತಿರುತ್ತೇನೆ ಅಂತ ಅವಳ ಲೆಕ್ಕ.

"ಉದ್ಘಾಟನೆ ದಿನ ಭಾಷಣ ನಂದೇ," ಅಂತಲೂ ಸೇರಿಸಿದಳು. ಮತ್ತೆ ಯಾರದ್ದಿರುತ್ತದೆ? ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದರೂ ಅವಳ ಎದುರು ಎಲ್ಲರೂ ಸಾಲಾಗಿ ಕೈಕಟ್ಟಿ ನಿಲ್ಲಬೇಕು.

ಬರೆದೇ ಬಿಡುತ್ತೇನೆ, ಇಲ್ಲಿ ಯಾರು ನೋಡುತ್ತಾರೆ. ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಅಣ್ಣ ಯುದ್ಧದ ಕಥೆಗಳನ್ನು ಹೇಳಿದ್ದು ಅವಳಿಗೆ, ತೊಡೆಯ ಮೇಲೆ ಕೂರಿಸಿಕೊಂಡು. ಮುರಿದ ಸೇತುವೆಯ ಮೇಲೆ ತೆವಳಿಕೊಂಡು ಹೋಗಿ ಗೆಳೆಯನನ್ನು ಹೊತ್ತು ತಂದದ್ದು, ಚಳಿಗೆ ನಡುಗುತ್ತಿದ್ದ ಹೇಸರಗತ್ತೆಗೆ ತನ್ನ ಕಂಬಳಿ ಹೊದಿಸಿ ತಾನು ಅದರ ಹೊಟ್ಟೆಗೆ ಅಂಟಿಕೊಂಡು ಮಲಗಿದ್ದು. ಹನ್ನೊಂದು ವರ್ಷ ತಡವಾಗಿ ಹುಟ್ಟಿದ ನನ್ನ ಪಾಲಿಗೆ ಅಣ್ಣನ ಬಾಯಿಗೆ ಬೀಗ ಬಿದ್ದಿತ್ತು. ನಾನು ಕೇಳಿದಾಗೆಲ್ಲ, "ಅದೆಲ್ಲ ಮುಗಿದುಹೋಯ್ತು, ಆ ಚಿಮುಟ ಕೊಡು" ಅನ್ನುತ್ತಿದ್ದ. ಅವಳಿಗೆ ಕಥೆ ಮತ್ತು ಕಾಲೇಜು, ನನಗೆ ಅಣ್ಣನ ಕನ್ನಡಕದ ಅಂಗಡಿ ಮತ್ತು ಬೈಗುಳ. ಕೊನೆಗಾಲದಲ್ಲಿ ಹಾಸಿಗೆ ಬದಲಿಸಿದವಳು ನಾನು. ಅಣ್ಣ ಹೋದ ದಿನ ಬಂದವರೆಲ್ಲ ಅವಳ ಸುತ್ತ ಕೂತು ಸೇತುವೆಯ ಕಥೆ ಕೇಳಿದರು. ನಾನು ಒಳಗೆ ಲೋಟ ತೊಳೆಯುತ್ತಿದ್ದೆ.

ಕಚೇರಿಗೆ ಹೋಗುತ್ತೇನೆ. ಅವಳ ಭಾಷಣಕ್ಕಾಗಿ ಅಲ್ಲ. ಆ ದಾಖಲೆಯಲ್ಲಿ ಅವಳಿಗೆ ಗೊತ್ತಿಲ್ಲದ ಒಂದಾದರೂ ಸಂಗತಿ ಇದ್ದೀತು. ಅದನ್ನು ನಾನು ಇಟ್ಟುಕೊಳ್ಳುತ್ತೇನೆ.

ಜೂನ್ 6

ದಾಖಲೆ ಕಚೇರಿಯೆಂದರೆ ಉದ್ದನೆಯ ಮೊಗಸಾಲೆ, ಅದರ ತುದಿಗೆ ಒಂದು ಕಿಟಕಿ, ಕಿಟಕಿಯ ಹಿಂದೆ ಸದಾ ನೆಗಡಿಯಿರುವ ಒಬ್ಬ ಮೇಡಂ. ಅವರ ಕನ್ನಡಕದ ಒಂದು ಕಡ್ಡಿಯನ್ನು ಹೊಲಿಗೆ ದಾರದಿಂದ ಕಟ್ಟಿದ್ದರು. ಅದನ್ನು ನೋಡಿ ನನ್ನ ಕೈ ತುರಿಸತೊಡಗಿತು.

"ಅಣ್ಣನ ದಾಖಲೆ ಹುಡುಕಿಸಬೇಕಿತ್ತು, ಮೇಡಂ."

"ನಿಮ್ಮಣ್ಣ ನಿಮಗಿಂತ ಎಷ್ಟು ದೊಡ್ಡೋರು?"

"ಮೂವತ್ತೇಳು ವರ್ಷ."

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಒಂದೇ ತಾಯಿ ಮಕ್ಕಳಾ?"

"ಅಯ್ಯೋ, ಅಣ್ಣ ಅಂದ್ರೆ ನಮ್ಮ ಅಪ್ಪ. ನಮ್ಮನೇಲಿ ಅಪ್ಪನ್ನ ಅಣ್ಣ ಅಂತ್ಲೇ ಕರೆಯೋದು. ಅತ್ತೆ, ಚಿಕ್ಕಪ್ಪ ಎಲ್ಲಾ ಹಾಗೆ ಕರೀತಿದ್ರಲ್ಲ, ಕೇಳಿ ಕೇಳಿ ನಮಗೂ ಅದೇ ಬಾಯಿಗೆ ಬಂತು."

"ಹಾಗನ್ನಿ ಮತ್ತೆ. ನಿಮ್ಮ ತಾಯಿಗೆ ಇಲ್ಲಿಂದ್ಲೇ ಕೈ ಮುಗಿಯೋಣ ಅಂತಿದ್ದೆ," ಎಂದು ಮೂಗೊರೆಸಿಕೊಂಡರು.

ಹೆಸರು, ಅಜ್ಜನ ಹೆಸರು, ಊರು, ಬೀದಿ ಎಲ್ಲ ಬರೆದುಕೊಂಡರು. ಆಗಿನ ಭರ್ತಿ ಕಾರ್ಡುಗಳಲ್ಲಿ ಪೂರ್ತಿ ಹೆಸರು ಇರುವುದಿಲ್ಲವಂತೆ. ಹೆಸರಿನ ಮೊದಲ ಅಕ್ಷರ, ಅದರ ಮುಂದೆ ತಂದೆಯ ಹೆಸರು, ಅಷ್ಟೇ. ಹುಡುಕಲು ಎರಡು ವಾರ ಬೇಕು ಅಂದರು. ನಾನು ಕೈಚೀಲದಿಂದ ಸ್ಕ್ರೂ ತೆಗೆದು ಅವರ ಕನ್ನಡಕದ ಕಡ್ಡಿ ಸರಿಮಾಡಿ ಕೊಟ್ಟೆ. ಹಾಕಿಕೊಂಡು ಕಣ್ಣು ಮಿಟುಕಿಸಿ, "ಸರಿ, ಒಂದು ವಾರ," ಅಂದರು.

ಜೂನ್ 9

ಅಕ್ಕನ ಫೋನು. ಸಿಕ್ಕಿತಾ ಅಂತ. ಕಚೇರಿಯವರು ಅವಳ ಶಾಲೆಯ ಮಕ್ಕಳೇನು, ಬೆತ್ತ ತೋರಿಸಿದ ಕೂಡಲೇ ಹೋಂವರ್ಕ್ ಒಪ್ಪಿಸಲು!

ಜೂನ್ 14

ಕಾರ್ಡು ಸಿಕ್ಕಿತು. ನಕಲು ತೆಗೆದುಕೊಂಡು ಮೊಗಸಾಲೆಯ ಬೆಂಚಿನ ಮೇಲೆಯೇ ಕೂತು ಓದಿದೆ. ಅಕ್ಷರ, ಅಜ್ಜನ ಹೆಸರು, ಊರು, ಬೀದಿ ಎಲ್ಲ ಸರಿಯಾಗಿತ್ತು. ಕಾಲ್ದಳಕ್ಕೆ ಭರ್ತಿ. ಅಣ್ಣನ ಯುದ್ಧ ಜೀವನದಲ್ಲಿ ಮೊದಲ ಸಲ ಅಕ್ಕನಿಗಿಂತ ಮೊದಲು ನನ್ನ ಕೈಗೆ ಬಂದಿತ್ತು. ಒಂದು ಕ್ಷಣ ಕಾರ್ಡನ್ನು ಎದೆಗೆ ಒತ್ತಿಕೊಂಡೆ, ಎದುರಿಗೆ ಕೂತಿದ್ದ ಮುದುಕರು ನೋಡುತ್ತಿದ್ದಾರೆಂದು ತೆಗೆದೆ.

ಆಮೇಲೆ ವೈದ್ಯಕೀಯ ಪರೀಕ್ಷೆಯ ಭಾಗ ಓದಿದೆ. ಎತ್ತರ ಆರಡಿಗೆ ಸ್ವಲ್ಪ ಕಡಿಮೆ. ಅಣ್ಣ ನನಗಿಂತ ಎರಡು ಬೆರಳು ಕುಳ್ಳ. ಸರಿ, ಬರೆಯುವವರು ತಪ್ಪು ಬರೆದಿರಬಹುದು. ಅದರ ಕೆಳಗೆ: "ದೃಷ್ಟಿ ಉತ್ತಮ. ಕನ್ನಡಕವಿಲ್ಲದೆ ಕೊನೆಯ ಸಾಲಿನವರೆಗೂ ಓದಿದ್ದಾನೆ."

ಅಣ್ಣನಿಗೆ ಎರಡು ಕಣ್ಣಿಗೂ ಮೈನಸ್ ಏಳು. ಅವನ ಗಾಜುಗಳನ್ನು ಉಜ್ಜಿದವಳು ನಾನು. ಕನ್ನಡಕ ತೆಗೆದರೆ ಎದುರು ನಿಂತ ಮಗಳೂ ಅವನಿಗೆ ಗೋಡೆಯೇ. ಚಿಕ್ಕವನಿದ್ದಾಗ ಬೋರ್ಡಿಗೆ ಮೂಗು ತಾಗಿಸಿ ಓದುತ್ತಿದ್ದೆ ಅಂತ ತಾನೇ ಹೇಳಿದ್ದ. ಇಪ್ಪತ್ತರಲ್ಲಿ ನೆಟ್ಟಗಿದ್ದ ಕಣ್ಣು ಆಮೇಲೆ ಮೈನಸ್ ಏಳಕ್ಕೆ ಇಳಿಯುವುದಿಲ್ಲ, ಇದನ್ನು ಯಾವ ಕನ್ನಡಕದ ಅಂಗಡಿಯವರೂ ಹೇಳುತ್ತಾರೆ.

ಕಾರ್ಡಿನ ಹಿಂಬದಿ ನೋಡಿದೆ. ಗಾಯಗೊಂಡು ಸೇನಾ ಆಸ್ಪತ್ರೆಯಲ್ಲಿ ಮರಣ.

ಇದು ದೊಡ್ಡಪ್ಪನ ಕಾರ್ಡು. ಅಪ್ಪನ ಹೆಸರೂ ದೊಡ್ಡಪ್ಪನ ಹೆಸರೂ ಒಂದೇ ಅಕ್ಷರದಿಂದ ಶುರು. ದೊಡ್ಡಪ್ಪ ಅಂತ ಒಬ್ಬರಿದ್ದರು, ಮದುವೆಗೆ ಮುಂಚೆಯೇ ತೀರಿಹೋದರು ಅಂತ ಅತ್ತೆ ಯಾವಾಗಲೋ ಹೇಳಿದ್ದು ಬಿಟ್ಟರೆ ಮನೆಯಲ್ಲಿ ಅವರ ಸುದ್ದಿಯೇ ಇರಲಿಲ್ಲ. ಸೈನಿಕ ಅವರು. ಸೇತುವೆ ದಾಟಿದವರು ಅವರು. ಅಣ್ಣ ಎಲ್ಲಿಗೂ ಹೋಗಿಯೇ ಇರಲಿಲ್ಲ!

ಜೂನ್ 15

ಸುಳ್ಳು ಹೇಳುವುದಿಲ್ಲ, ಇಂದು ಬಹಳ ಸಂತೋಷವಾಗಿದ್ದೆ. ಅಂಗಡಿಯಲ್ಲಿ ಹಾಡು ಗುನುಗಿದೆನಂತೆ, ಬಂದ ಗಿರಾಕಿ ಹೇಳಿದರು.

ಅಣ್ಣ ತೊಡೆಯ ಮೇಲೆ ಕೂರಿಸಿಕೊಂಡು ಅಕ್ಕನಿಗೆ ಕೊಟ್ಟದ್ದು ಸತ್ತ ಒಡಹುಟ್ಟಿದವನಿಂದ ಕದ್ದ ಮಾಲು. ಅವಳು ಅರವತ್ತು ವರ್ಷದಿಂದ ಅದನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿದ್ದಾಳೆ. ನನಗೆ ಅಣ್ಣ ಏನೂ ಹೇಳಲಿಲ್ಲ, ಆದರೆ ಸುಳ್ಳನ್ನೂ ಹೇಳಲಿಲ್ಲ. ಈಗ ಯಾರು ಶ್ರೀಮಂತರು?

ಮಧ್ಯಾಹ್ನ ಊಟ ಬಡಿಸುತ್ತ ನಮ್ಮವರಿಗೆ ಹೇಳಿದೆ. ಅವರು ಕೇಳಿಸಿಕೊಂಡು, "ನಿಮ್ಮಕ್ಕನಿಗೆ ಹೇಳಿದ್ಯಾ?" ಅಂದರು.

"ಇಲ್ಲ. ಸಮಯ ನೋಡ್ಕೊಂಡು ಹೇಳ್ತೀನಿ."

"ನಿಮ್ಮಿಬ್ಬರದ್ದೂ ಒಂದು ಯುದ್ಧ ನಡೀತಾನೇ ಇದೆಯಲ್ಲ, ಅದಕ್ಕೆ ಯಾವ ಕಚೇರೀಲಿ ದಾಖಲೆ ಸಿಗುತ್ತೆ?" ಎಂದು ಮಜ್ಜಿಗೆ ಸುರಿದುಕೊಂಡರು. ಈ ಗಂಡಸರಿಗೆ ಎಲ್ಲದರಲ್ಲೂ ತಮಾಷೆ.

ಜೂನ್ 19

ಅಕ್ಕ ಫೋನಿನಲ್ಲಿ ಭಾಷಣ ಓದಿ ತೋರಿಸಿದಳು. ನಾನು ಕಾರ್ಡನ್ನು ಎದುರಿಗಿಟ್ಟುಕೊಂಡು ಕೇಳಿದೆ. ದೇವರಾಣೆ, ಚೆನ್ನಾಗಿ ಓದುತ್ತಾಳೆ. ಸೇತುವೆಯ ಹತ್ತಿರ ಬಂದಾಗ ನಾನೇ ಕುರ್ಚಿಯ ತುದಿಗೆ ಸರಿದಿದ್ದೆ.

"ಇನ್ನೊಂದು ಮಾತು ಸೇರಿಸ್ತೀನಿ, ಕೇಳು," ಅಂದಳು. "ನಮ್ಮ ತಂದೆ ಇಷ್ಟೆಲ್ಲ ಮಾಡಿಯೂ ಒಂದೇ ಒಂದು ಸಲ 'ನಾನು' ಅಂತ ಹೇಳಿಕೊಂಡವರಲ್ಲ. 'ಅಣ್ಣ ಹೋದ, ಅಣ್ಣ ಹೊತ್ತು ತಂದ' ಅಂತ, ಯಾರೋ ಬೇರೆಯವರ ಕಥೆ ಹೇಳುವ ಹಾಗೆ ಹೇಳುತ್ತಿದ್ದರು. ಅಷ್ಟು ವಿನಯ. ಹೇಗಿದೆ?"

"ಚೆನ್ನಾಗಿದೆ," ಅಂದೆ. ಯಾರೋ ಬೇರೆಯವರ ಕಥೆಯೇ ಅಲ್ಲವೇ ತಾಯಿ! ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಫೋನಿನಲ್ಲಿ ಹೇಳಿದರೆ ಮುಖ ಕಾಣುವುದಿಲ್ಲ. ನನಗೆ ಅವಳ ಮುಖ ನೋಡಬೇಕು.

"ದಾಖಲೆ ಬಂತಾ?"

"ಇನ್ನೂ ಹುಡುಕ್ತಿದಾರೆ."

ಜೂನ್ 24

ದೊಡ್ಡಪ್ಪನ ಕಾರ್ಡು ಒಂದೇ ಸಾಲದು ಅನ್ನಿಸಿತು. ಅಕ್ಕ ವಾದಕ್ಕೆ ನಿಂತರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಜಾರಿಕೊಳ್ಳುತ್ತಾಳೆ. ಇಬ್ಬರೂ ಹೋಗಿದ್ದರೇನೋ ಅಂದುಬಿಟ್ಟರೆ? ಅದಕ್ಕೆ ಮತ್ತೆ ಕಚೇರಿಗೆ ಹೋಗಿ, ಮೊದಲ ಕಾರ್ಡು ದೊಡ್ಡಪ್ಪನದೆಂದು ಹೇಳಿ, ಅಣ್ಣನ ಪೂರ್ತಿ ಹೆಸರು ಕೊಟ್ಟು, ಇಂಥವರು ಸೈನ್ಯಕ್ಕೆ ಸೇರಿಲ್ಲ ಅಂತ ಒಂದು ಚೀಟಿ ಕೊಡಿ ಅಂದೆ.

ನೆಗಡಿ ಮೇಡಂ ನನ್ನನ್ನು ವಿಚಿತ್ರವಾಗಿ ನೋಡಿದರು. "ಎಲ್ಲರೂ ನಮ್ಮಪ್ಪ ಇದ್ದರು ಅಂತ ಬರಕೊಡಿ ಅಂತ ಜೀವ ತಿಂತಾರೆ. ಇಲ್ಲ ಅಂತ ಕೇಳ್ಕೊಂಡು ಬಂದೋರು ನೀವೇ ಮೊದಲು."

"ಇಲ್ಲದ್ದು ಇಲ್ಲ ತಾನೇ."

"ಇಲ್ಲ ಅಂತ ಬರೆಯೋಕೂ ಹುಡುಕಬೇಕಮ್ಮ. ಕೂತಿರಿ."

ಕೂತೆ. ಅವರು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಸೆರಗು ಧೂಳಾಗಿತ್ತು, ಬಾಯಿ ಕಿವಿಯವರೆಗೆ ಹಿಗ್ಗಿತ್ತು. "ಹೋದ ಸಲ ಕಾಲ್ದಳದ ಪೆಟ್ಟಿಗೆ ಮಾತ್ರ ನೋಡಿದ್ದು. ಇದು ಆಸ್ಪತ್ರೆಯೋರ ಪೆಟ್ಟಿಗೇಲಿ ಇತ್ತು. ನಿಮ್ಮ ತಂದೆ ಭಾರೀ ಆಸಾಮಿ ಕಣ್ರೀ!" ಎಂದು ಕಾರ್ಡನ್ನು ಕಿಟಕಿಯಿಂದ ತಳ್ಳಿದರು.

ಅಣ್ಣನ ಕಾರ್ಡು. ದೊಡ್ಡಪ್ಪ ಭರ್ತಿಯಾದ ದಿನವೇ ಅಣ್ಣನೂ ಅದೇ ಸಾಲಿನಲ್ಲಿ ನಿಂತಿದ್ದಾನೆ. ತಿರಸ್ಕೃತ, ಕಣ್ಣು. ಕೆಲವು ತಿಂಗಳ ನಂತರ ಇನ್ನೊಂದು ಊರಿನಲ್ಲಿ ಮತ್ತೆ ನಿಂತಿದ್ದಾನೆ. ತಿರಸ್ಕೃತ, ಕಣ್ಣು. ಮೂರನೇ ಸಲದ್ದು ಡಾಕ್ಟರ ಕೈಬರಹ, ಮೇಡಂ ನನಗೆ ಓದಿ ಹೇಳಿದರು:

"ಅಕ್ಷರಪಟದ ಎಲ್ಲ ಸಾಲುಗಳನ್ನೂ ತಪ್ಪಿಲ್ಲದೆ ಓದಿದ. ಪಟವನ್ನು ಗೋಡೆಯ ಕಡೆಗೆ ತಿರುಗಿಸಿದ ಮೇಲೂ ಓದುತ್ತಲೇ ಇದ್ದ. ಕಾಳಗಕ್ಕೆ ಅನರ್ಹ. ಕೈ ಚುರುಕು. ಸೇನಾ ಆಸ್ಪತ್ರೆಯ ಕನ್ನಡಕ ರಿಪೇರಿ ವಿಭಾಗಕ್ಕೆ ಸೇರಿಸಬಹುದು."

ಉರುಹೊಡೆದು ಹೋಗಿದ್ದಾನೆ! ಮೇಡಮ್ಮೂ ನಾನೂ ಕಿಟಕಿಯ ಆಚೆ ಈಚೆ ನಿಂತು ನಕ್ಕಿದ್ದೇ ನಕ್ಕಿದ್ದು. ನಗುತ್ತ ನಗುತ್ತ ನನಗೆ ಅಳು ಬಂತು. ಅವರು ತಮ್ಮ ನೆಗಡಿಯ ಕರವಸ್ತ್ರವನ್ನು ಮುಂದೆ ಚಾಚಿ, ನೋಡಿಕೊಂಡು, ಹಿಂದಕ್ಕೆ ತೆಗೆದುಕೊಂಡರು.

ಚೀಟಿ ಸಿಗಲಿಲ್ಲ. ಎರಡೂ ಕಾರ್ಡುಗಳನ್ನು ಒಟ್ಟಿಗೆ ಹಿಡಿದು ಬಸ್ಸಿನಲ್ಲಿ ನೋಡಿದೆ. ದೊಡ್ಡಪ್ಪ ತೀರಿಕೊಂಡ ಆಸ್ಪತ್ರೆಯ ನಂಬರೂ ಅಣ್ಣ ಕೆಲಸ ಮಾಡಿದ ಆಸ್ಪತ್ರೆಯ ನಂಬರೂ ಒಂದೇ. ತಾರೀಖು ನೋಡಿದರೆ, ದೊಡ್ಡಪ್ಪನನ್ನು ಅಲ್ಲಿಗೆ ತಂದಾಗ ಅಣ್ಣ ಆಗಲೇ ಅಲ್ಲಿದ್ದ. ಎರಡು ತಿಂಗಳು ಇಬ್ಬರೂ ಒಂದೇ ಸೂರಿನಡಿ ಇದ್ದರು.

ಜೂನ್ 25

ಅಣ್ಣ ಕದ್ದಿರಲಿಲ್ಲ. ಇದನ್ನು ಮೊದಲು ಬರೆದುಬಿಡಬೇಕು, ಹತ್ತು ದಿನದ ಹಿಂದೆ ಬರೆದದ್ದು ಕಣ್ಣಿಗೆ ಚುಚ್ಚುತ್ತಿದೆ.

ಸಂಜೆ ಒಬ್ಬರು ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದರು. ಮೊದಲ ಕನ್ನಡಕ. ಅವಳು ಹಾಕಿಕೊಳ್ಳಲು ಒಲ್ಲೆ ಅಂತ ರಂಪ. ಆ ತಂದೆ ತಾನೇ ಒಂದು ಫ್ರೇಮು ಮೂಗಿಗೇರಿಸಿಕೊಂಡು, "ನೋಡು, ಅಪ್ಪ ಹಾಕ್ಕೊಂಡ. ಅಪ್ಪ ಅತ್ತನಾ? ಅಪ್ಪ ಅಳಲ್ಲ," ಅಂದರು. ನನ್ನ ಕೈಯಲ್ಲಿದ್ದ ಫ್ರೇಮು ಕೈಯಲ್ಲೇ ಉಳಿಯಿತು.

ಮಕ್ಕಳ ಹತ್ತಿರ ಯಾವ ಅಪ್ಪ 'ನಾನು' ಅನ್ನುತ್ತಾನೆ? "ಬಾ, ಅಣ್ಣನ ಹತ್ರ ಬಾ. ಅಣ್ಣ ಎತ್ಕೊಳ್ತಾನೆ." ನಮ್ಮ ಅಣ್ಣನೂ ಹಾಗೇ ಮಾತಾಡುತ್ತಿದ್ದ. ಆರು ವರ್ಷದ ಅಕ್ಕನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನು "ಅಣ್ಣ ಸೇತುವೆ ಮೇಲೆ ತೆವಳಿಕೊಂಡು ಹೋದ" ಅಂದಾಗ ಅವಳು ಏನೆಂದುಕೊಂಡಾಳು? ತನ್ನನ್ನು ಎತ್ತಿಕೊಂಡಿರುವ ಅಣ್ಣನೇ ಹೋದ ಅಂದುಕೊಂಡಳು. ಅವನು ಹೇಳುತ್ತಿದ್ದದ್ದು ತನ್ನ ಅಣ್ಣನ ವಿಷಯ. ಆಸ್ಪತ್ರೆಯ ಮಂಚದ ಪಕ್ಕ ಕೂತು ಆ ಅಣ್ಣನ ಬಾಯಿಂದಲೇ ಕೇಳಿದ್ದನ್ನು. "ನಿಮ್ಮ ದೊಡ್ಡಪ್ಪ" ಅಂತ ಒಂದು ಸಲ ಅಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಅವನ ಬಾಯಲ್ಲಿ ಆ ಮನುಷ್ಯ ಯಾವತ್ತೂ ಯಾರ ದೊಡ್ಡಪ್ಪನೂ ಆಗಲಿಲ್ಲ, ಅಣ್ಣನಾಗಿಯೇ ಉಳಿದ.

ಮೂರು ಸಲ ಸಾಲಿನಲ್ಲಿ ನಿಂತದ್ದು ಯಾಕೆ ಅಂತಲೂ ಯೋಚಿಸಿದೆ. ಉದ್ದ ಆಳು, ನೆಟ್ಟನೆ ಕಣ್ಣು, ಒಂದೇ ಸಲಕ್ಕೆ ತೆಗೆದುಕೊಂಡರು. ಪಕ್ಕದಲ್ಲಿ ಕುಳ್ಳ ತಮ್ಮ, ಕಣ್ಣು ಕಾಣದವನು, ಹೋಗು ಮನೆಗೆ ಅಂದರು. ಹೇಗೆ ಉರಿದಿರಬೇಡ ಹೊಟ್ಟೆ! ಇದು ನನಗೆ ಯಾರ ಕಡೆಯಿಂದ ಬಂತು ಅನ್ನುವುದು ಈಗ ತಿಳಿಯಿತು.

ಮತ್ತೆ ಇನ್ನೊಂದು. ಅಕ್ಕನಿಗೆ ಸಿಕ್ಕಿದ್ದು ದೊಡ್ಡಪ್ಪನ ಯುದ್ಧ. ಅಣ್ಣನ ಯುದ್ಧ ಅಂದರೆ ಚಿಮುಟ, ಸ್ಕ್ರೂ, ಗಾಜು ಉಜ್ಜುವ ಕಲ್ಲು. ಅದನ್ನು ಅವನು ಹೇಳಿದ್ದು ನನಗೆ, ಹದಿನಾಲ್ಕನೇ ವರ್ಷದಿಂದ, ದಿನಾ, ಬೈದು ಬೈದು.

ಇದನ್ನು ಅವಳ ಮುಖಕ್ಕೆ ಹೇಳಬೇಕು. ಈ ವಾರವೇ ಹೋಗುತ್ತೇನೆ.

ಜೂನ್ 28

ಹೋಗಿ ಬಂದೆ.

ಅಕ್ಕ ಬಾಗಿಲಲ್ಲೇ, "ದಾಖಲೆ ತಂದ್ಯಾ?" ಅಂದಳು. ಕೂತುಕೋ ಅನ್ನುವ ಮೊದಲು. ಊಟದ ಮೇಜಿನ ಮೇಲೆ ಭಾಷಣದ ಹಾಳೆಗಳು, ದಪ್ಪಕ್ಷರದಲ್ಲಿ, ಒಂದರ ಪಕ್ಕ ಒಂದು. ಕಪಾಟಿನ ತುಂಬ ಶಾಲೆಯವರು ಕೊಟ್ಟ ನೆನಪಿನ ಕಾಣಿಕೆಗಳು. ಅವೆಲ್ಲದರ ಎದುರಿಗೆ ನಿಂತು ನಾನು ಬಸ್ಸಿನಲ್ಲಿ ಉರುಹೊಡೆದದ್ದನ್ನು ಒಪ್ಪಿಸಿದೆ. ಎರಡು ಕಾರ್ಡು, ಮೈನಸ್ ಏಳು, ಆಸ್ಪತ್ರೆಯ ನಂಬರು, "ಅಣ್ಣ ಅಂದ್ರೆ ಅಣ್ಣ ಅಲ್ಲ ಅಕ್ಕ, ಅಣ್ಣನ ಅಣ್ಣ."

ಅವಳು ಕಾರ್ಡುಗಳನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು. ಎರಡೆರಡು ಸಲ ಓದಿದಳು. ನಾನು ಬಂದದ್ದೇ ಆ ಮುಖ ನೋಡಲು. ನೋಡಿದೆ. ನೋಡಬಾರದಿತ್ತು. ಎಪ್ಪತ್ತು ವರ್ಷದ ಹೆಂಗಸಿನ ಮುಖ ತುಟಿ ಒತ್ತಿಕೊಂಡ ಮಗುವಿನ ಮುಖದ ಹಾಗೆ ಆಯಿತು.

"ನಿನಗೆ ಮೊದ್ಲಿಂದ್ಲೂ ನನ್ನ ಕಂಡ್ರೆ ಹೊಟ್ಟೆಕಿಚ್ಚು," ಅಂದಳು ಕೊನೆಗೆ.

"ಹೌದು," ಅಂದೆ. "ಇದೆ. ಆದ್ರೆ ಕಾರ್ಡು ನಾನು ಬರೆದದ್ದಲ್ಲ."

ಅವಳು ಭಾಷಣದ ಹಾಳೆಗಳನ್ನು ಒಟ್ಟುಮಾಡಿ, ಅಂಚು ಸರಿಮಾಡಿ, ಬೋರಲು ಹಾಕಿದಳು. ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳತೊಡಗಿದಳು.

"ಹನ್ನೊಂದು ವರ್ಷ ನಂಗೆ. ಶಾಲೇಲಿ ಎಲ್ಲರೂ ಅವರವರ ತಂದೆ ಬಗ್ಗೆ ಮಾತಾಡಬೇಕಿತ್ತು. ಸೇತುವೆ ಕಥೆ ಹೇಳ್ದೆ. ಇಡೀ ಹಾಲ್ ಎದ್ದು ಚಪ್ಪಾಳೆ ಹೊಡೀತು. ಅಣ್ಣ ಹಿಂದಿನ ಸಾಲಲ್ಲಿ ಕೂತಿದ್ದ. ಚಪ್ಪಾಳೆ ಹೊಡೀಲಿಲ್ಲ. ತಲೆ ತಗ್ಗಿಸಿಕೊಂಡು ಕನ್ನಡಕ ಒರೆಸ್ತಾ ಇದ್ದ. ಅವತ್ತಿಂದ ಒಂದೂ ಕಥೆ ಹೇಳ್ಲಿಲ್ಲ."

"ಅವತ್ತು ಗೊತ್ತಾಗಿದೆ ಅವನಿಗೆ, ನೀನು ತಪ್ಪು ತಿಳ್ಕೊಂಡಿದೀಯ ಅಂತ."

"ಹೇಳಬಹುದಿತ್ತಲ್ಲ!"

"ಇಡೀ ಹಾಲ್ ಚಪ್ಪಾಳೆ ಹೊಡೆದ ಮೇಲೆ ಮಗಳಿಗೆ ಹೇಗೆ ಹೇಳ್ತಾನೆ, ಅಕ್ಕ?"

ಅವಳು ತಲೆಯಾಡಿಸಿದಳು. "ನಾನು ಅಂದ್ಕೊಂಡದ್ದು ಬೇರೆ. ಅದೇ ತಿಂಗಳು ನೀನು ಹುಟ್ಟಿದ್ದು. ಪುಟ್ಟಿ ಬಂದ್ಲು, ಅಣ್ಣನಿಗೆ ನಾನು ಬೇಡವಾದೆ, ಕಥೆ ನಿಂತ್ಹೋಯ್ತು ಅಂದ್ಕೊಂಡೆ. ನಿನ್ನ ತೊಟ್ಟಿಲು ನೋಡಿದ್ರೆ ಮೈಯೆಲ್ಲ ಉರೀತಿತ್ತು. ಆಮೇಲೆ ನೀನು ಅಂಗಡೀಲಿ ದಿನಾ ಅವನ ಪಕ್ಕ. ನಾನು ಬಂದ್ರೆ 'ಓದ್ಕೋ ಹೋಗು' ಅಂತ ಕಳಿಸ್ತಿದ್ದ. ಆ ನಾಲ್ಕು ಕಥೆ ಬಿಟ್ರೆ ನನ್ನ ಹತ್ರ ಇದ್ದದ್ದೇನು? ಅದಕ್ಕೇ ಹೇಳಿದ್ದೇ ಹೇಳ್ತಿದ್ದೆ. ಈಗ ಅದೂ ಅವನದ್ದಲ್ಲ ಅಂತ ಬಂದಿದೀಯ."

ಇವಳು ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಾಳೆ! ನನ್ನ ಇಡೀ ಆಯುಷ್ಯದ ಆಸೆ ಅದು. ಇವಳು ಒಂದು ದಿನ ನನ್ನನ್ನು ನೋಡಿ ಉರಿಯಬೇಕು ಅಂತ. ನಾನು ತೊಟ್ಟಿಲಲ್ಲಿದ್ದಾಗಲೇ ಅದು ಈಡೇರಿಹೋಗಿತ್ತು, ನನಗೆ ತಿಳಿದಿರಲಿಲ್ಲ ಅಷ್ಟೇ. ಯಾಕೋ ಏನೂ ಸಂತೋಷವಾಗಲಿಲ್ಲ.

ಕಾಫಿ ಕೊಡಲೂ ಅವಳು ಮರೆತಳು. ಕೊನೆಯ ಬಸ್ಸಿಗೆ ಮುಂಚೆಯೇ ಹೊರಟು ಬಂದೆ. ಕಾರ್ಡುಗಳನ್ನು ಅಲ್ಲೇ ಬಿಟ್ಟಿದ್ದೇನೆ.

ಜೂನ್ 30

ಅಕ್ಕ ಫೋನ್ ಮಾಡಲಿಲ್ಲ.

ಜುಲೈ 2

ಇಲ್ಲ.

ಜುಲೈ 5

ಅಂಗಡಿಯ ಫೋನು ಕೆಟ್ಟಿದೆಯೇನೋ ಅಂತ ನಮ್ಮವರಿಗೆ ಹೇಳಿ ಮನೆಯಿಂದ ಒಮ್ಮೆ ಮಾಡಿಸಿದೆ. ಸರಿಯಾಗಿದೆ. ಅವಳ ಕಾಟ ತಪ್ಪಿತು, ಒಳ್ಳೆಯದೇ ಆಯಿತು. ಇಂದು ಒಂದು ಗಾಜಿನ ಅಂಚು ಒಡೆದೆ. ಎಷ್ಟೋ ವರ್ಷದಿಂದ ಹಾಗೆ ಆಗಿರಲಿಲ್ಲ.

ಜುಲೈ 12

ಗೋಡೆಯ ಉದ್ಘಾಟನೆ. ಅಕ್ಕ ಕರೆದಿರಲಿಲ್ಲ. ಸಮಿತಿಯವರ ಆಮಂತ್ರಣ ಬಂದಿತ್ತು, ಹೋದೆ. ಹಿಂದಿನ ಸಾಲಿನಲ್ಲಿ ಕೂತೆ. ಅವಳು ಏನು ಹೇಳುತ್ತಾಳೋ ಅಂತ ಆಮಂತ್ರಣವನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದೆ. ಹಳೆಯ ಭಾಷಣವನ್ನೇ ಓದಿದರೆ ನಾನೇನು ಮಾಡುವುದು? ಎದ್ದು ಹೋಗುವುದೇ? ಕನ್ನಡಕ ಒರೆಸುತ್ತ ಕೂರುವುದೇ?

ಪರದೆ ಸರಿಸಿದರು. ನಮ್ಮ ಮನೆಯ ಎರಡು ಹೆಸರುಗಳು, ದೊಡ್ಡಪ್ಪನದು, ಅಣ್ಣನದು, ಒಂದರ ಕೆಳಗೆ ಒಂದು. ಅಕ್ಕ ಹಾಳೆಯಿಲ್ಲದೆ ಮಾತಾಡಿದಳು. ಸೇತುವೆಯ ಕಥೆ, ಹೇಸರಗತ್ತೆಯ ಕಥೆ ಎಲ್ಲ ಹೇಳಿ, "ಇದು ನಮ್ಮ ದೊಡ್ಡಪ್ಪ. ಇಷ್ಟು ವರ್ಷ ಇವರ ಕಥೆಗೆ ನಾನು ಬೇರೆಯವರ ಹೆಸರು ಹಚ್ಚಿ ಹೇಳಿದ್ದೆ," ಅಂದಳು. ಎಲ್ಲರೆದುರು, ನೆಟ್ಟಗೆ ನಿಂತು. ಆಮೇಲೆ, "ನಮ್ಮ ತಂದೆಯ ಯುದ್ಧ ಬೇರೆ ಇತ್ತು," ಎಂದು ಡಾಕ್ಟರು ಪಟ ತಿರುಗಿಸಿದ್ದನ್ನು ಹೇಳಿದಳು. ಡಾಕ್ಟರ ಹಾಗೆ ಹುಬ್ಬೇರಿಸಿದಳು, ಅಣ್ಣನ ಹಾಗೆ ಗೋಡೆ ನೋಡುತ್ತ ಗಡಗಡ ಅಕ್ಷರ ಒಪ್ಪಿಸಿದಳು. ಜನ ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿ ಕೂತವರು ಕಣ್ಣೊರೆಸಿಕೊಂಡರು.

ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಅದು ನಾನು ಹುಡುಕಿದ ಕಥೆ! ಧೂಳಿನ ಪೆಟ್ಟಿಗೆಯಿಂದ ತೆಗೆಸಿದವಳು ನಾನು. ಅದೂ ಅವಳ ಪಾಲಿಗೇ ಹೋಯಿತು, ಮತ್ತು ನನಗಿಂತ ಚೆನ್ನಾಗಿ ಹೇಳಿದಳು. "ಇದನ್ನು ಹುಡುಕಿ ತಂದವಳು ನನ್ನ ತಂಗಿ," ಅಂತ ಹೇಳಿದಳು, ನಿಜ. ಎಲ್ಲರೂ ತಿರುಗಿ ನೋಡಿದರು. ನಾನು ಎದ್ದು ನಿಲ್ಲಬೇಕಿತ್ತೇನೋ, ನಿಲ್ಲಲಿಲ್ಲ.

ಮುಗಿದ ಮೇಲೆ ಅವಳ ಸುತ್ತ ಜನ. ದೂರದಿಂದ ಕೈಯೆತ್ತಿದೆ. ಅವಳೂ ಕೈಯೆತ್ತಿದಳು. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ನೋಡುತ್ತಿದ್ದಳು. ಗಾಜು ಹಳೆಯದು, ಪವರು ಸಾಲುತ್ತಿಲ್ಲ.

ಜುಲೈ 20

ಅಕ್ಕ ಅಂಗಡಿಗೆ ಬಂದಳು. ಹೇಳದೆ ಕೇಳದೆ, ಬೆಳಗಿನ ಬಸ್ಸಿಗೆ. ಇಷ್ಟು ವರ್ಷ ಅವಳ ಊರಿನ ದೊಡ್ಡ ಅಂಗಡಿಯಲ್ಲೇ ಕನ್ನಡಕ ಮಾಡಿಸಿಕೊಂಡವಳು.

"ಒಂದು ಕನ್ನಡಕ ಬೇಕು," ಅಂದಳು. ಗಿರಾಕಿಯ ಹಾಗೆ ಎತ್ತರದ ಕುರ್ಚಿಯ ಮೇಲೆ ಕೂತಳು. ಕಣ್ಣು ನೋಡಿದೆ. ಹಳೆಯ ಗಾಜು ಎಡಗಣ್ಣಿಗೆ ಎಷ್ಟು ತಪ್ಪಾಗಿತ್ತೆಂದರೆ, ಆ ದೊಡ್ಡ ಅಂಗಡಿಯವರನ್ನು ನಾಲ್ಕು ಮಾತು ಬೈದೆ. ಅವಳು ಸುಮ್ಮನೆ ಬೈಸಿಕೊಂಡಳು. ಗಾಜು ಇವತ್ತೇ ಹಾಕಿಕೊಡುತ್ತೇನೆ, ಮನೆಗೆ ಹೋಗಿ ಮಲಗಿರು ಅಂದರೆ ಕೇಳಲಿಲ್ಲ.

"ಅಣ್ಣ ಹೇಗೆ ಮಾಡ್ತಿದ್ದ, ತೋರಿಸು," ಅಂದಳು.

ತೋರಿಸಿದೆ. ಗಾಜನ್ನು ಹೆಬ್ಬೆರಳಿನ ಬುಡದಲ್ಲಿ ಹಿಡಿದು ಕಲ್ಲಿಗೆ ತಾಗಿಸುವುದು, ನೀರು ಹನಿಸುವುದು, ಸದ್ದು ಬದಲಾದ ಕೂಡಲೇ ಎತ್ತುವುದು. ಅವಳು ಮೂಗನ್ನು ಕಲ್ಲಿನವರೆಗೂ ತಂದು ನೋಡಿದಳು, ಮಧ್ಯೆ ಮಧ್ಯೆ ಪ್ರಶ್ನೆ. ಒಮ್ಮೆ, "ನನ್ನ ಕೈಗೆ ಕೊಡು," ಅಂದಳು. ನನಗೆ ಕೊಡಲು ಮನಸ್ಸಾಗಲಿಲ್ಲ. ಬೇರೆ ಒಂದು ಹಳೆಯ ಗಾಜು ಕೊಟ್ಟೆ. ಅದನ್ನು ಕೆಡಿಸಿ, ಬಹಳ ಸಂತೋಷಪಟ್ಟು, ಕೈಚೀಲದಲ್ಲಿ ಹಾಕಿಕೊಂಡಳು.

ಗಾಜು ಕೂರಿಸಿ ಕನ್ನಡಕವನ್ನು ಅವಳ ಮುಖಕ್ಕಿಟ್ಟೆ. ಎರಡೂ ಕಿವಿಯ ಹಿಂದೆ ಬೆರಳು ಹಾಕಿ ಕಡ್ಡಿಯ ಬಾಗು ನೋಡಿದೆ. ಬಿಳಿ ಕೂದಲು ತುಂಬ ತೆಳುವಾಗಿದೆ. ಅಕ್ಕನ ಮುಖವನ್ನು ಇಷ್ಟು ಹತ್ತಿರದಿಂದ ನಾನು ಯಾವತ್ತೂ ಮುಟ್ಟಿರಲಿಲ್ಲ.

"ಈಗ ನನ್ನ ನೋಡು," ಅಂದೆ. ಕೊನೆಗೆ ಪ್ರತಿಯೊಬ್ಬ ಗಿರಾಕಿಗೂ ಹೇಳುವ ಮಾತು ಅದು, ಅಣ್ಣನೂ ಹೇಳುತ್ತಿದ್ದ.

ನೋಡಿದಳು. ಬಹಳ ಹೊತ್ತು ನೋಡಿದಳು.

"ನಿನ್ನ ಮುಖ ಥೇಟ್ ಅಣ್ಣಂದು ಕಣೇ," ಅಂದಳು. "ನನ್ನದು ಎಲ್ಲಿಂದ ಬಂತೋ." ದನಿಯಲ್ಲಿ ಇದ್ದದ್ದು ಹೊಟ್ಟೆಕಿಚ್ಚೇ. ನನಗಿಂತ ಚೆನ್ನಾಗಿ ಅದನ್ನು ಗುರುತಿಸುವವರು ಯಾರು?

ಸಂಜೆಯ ಬಸ್ಸಿಗೆ ಅವಳನ್ನು ಹತ್ತಿಸಲು ಹೋದಾಗ, ಬಲಗಿವಿಯ ಹತ್ತಿರ ಸ್ವಲ್ಪ ಒತ್ತುತ್ತದೆ, ಒಂದು ವಾರ ಹಾಕಿಕೊಂಡು ಮತ್ತೆ ಬಾ, ಸರಿಮಾಡಬೇಕು ಅಂದೆ. ಮತ್ತೆ ಬರುತ್ತೇನೆ ಅಂದಳು. ನಾನೇ ಕೂರಿಸಿದ ಕನ್ನಡಕ, ಅದು ಎಲ್ಲೂ ಒತ್ತುತ್ತಿರಲಿಲ್ಲ.